ಹತ್ತೊಂಬತ್ತನೇ ಯಂತ್ರದ ಹಳದಿ ಚೀಟಿ

ಕೊರಿಯಾದಲ್ಲಿ ಅಮೆರಿಕದ ಸೇನೆ ಬೀಡುಬಿಟ್ಟ ಕ್ಯಾಂಪ್ ಹಾರ್ಲನ್‌ನ ಕ್ಲಬ್ಬಿನಲ್ಲಿ ಜೂಜಿನ ಯಂತ್ರಗಳಿದ್ದ ಕೋಣೆಗೆ ಒಂದೇ ಬಾಗಿಲು. ಆ ಬಾಗಿಲ ಪಕ್ಕದ ಎತ್ತರದ ಸ್ಟೂಲಿನ ಮೇಲೆ ಪ್ಯೋ ಬುನ್-ಇಮ್ ಇಪ್ಪತ್ತೇಳು ವರ್ಷ ಕೂತಿದ್ದರು. ಒಳಗೆ ಬರುವವರ ಗುರುತಿನ ಕಾರ್ಡು ನೋಡುವುದು, ಕೆಟ್ಟ ಯಂತ್ರವನ್ನು ಕೀಲಿ ತಿರುಗಿಸಿ ನಿಲ್ಲಿಸುವುದು, ದೊಡ್ಡ ಬಹುಮಾನ ಬಿದ್ದರೆ ಮೇಲಿನವರನ್ನು ಕರೆಯುವುದು, ಉಳಿದ ಹೊತ್ತಿನಲ್ಲಿ ಸಿಗರೇಟಿನ ಬೂದಿಬಟ್ಟಲು ಖಾಲಿ ಮಾಡುವುದು. ಇಷ್ಟು ಅವರ ಕೆಲಸ.

ಕೊರಿಯಾದವರು ಆ ಯಂತ್ರಗಳಲ್ಲಿ ಆಡುವಂತಿಲ್ಲ. ಆಡುವವರು ಅಮೆರಿಕದ ಸೈನಿಕರು ಮತ್ತು ಅವರ ಮನೆಯವರು. ಒರೆಸಿ, ರಿಪೇರಿ ಮಾಡಿ, ಕಾಯುವವರು ನಾವು. ಬುನ್-ಇಮ್ ಗುಂಡಿಗಳ ಮೇಲಿನ ಜಿಡ್ಡು ಒರೆಸುವ ಮೊದಲು ಕರೆಂಟು ತೆಗೆಯುತ್ತಿದ್ದರು. ಬಟ್ಟೆ ತಾಗಿ ಎಲ್ಲಿ ಚಕ್ರ ತಿರುಗಿಬಿಡುತ್ತದೋ ಎಂಬ ಭಯ ಅವರಿಗೆ ಮೊದಲ ದಿನ ಇದ್ದಂತೆ ಕೊನೆಯ ವರ್ಷವೂ ಇತ್ತು. ಆಡುವವರ ಸೋಲು ಗೆಲುವಿನ ಬಗ್ಗೆ ಸಿಬ್ಬಂದಿ ಬಾಯಿ ಬಿಡಬಾರದು ಎಂಬುದು ಇನ್ನೊಂದು ನಿಯಮ. ‘ಅದೃಷ್ಟ ನಿಮ್ಮದಾಗಲಿ’ ಎಂದು ಹೇಳಬಹುದು. ಅದಕ್ಕಿಂತ ಹೆಚ್ಚಿನ ಮಾತಿಗೆ ಅನುಮತಿ ಇಲ್ಲ.

ಗೋಡೆಯ ಮೇಲೆ ದೊಡ್ಡದೊಂದು ಫಲಕವಿತ್ತು. ಈಜುಕೊಳದ ಮಕ್ಕಳು, ಗ್ರಂಥಾಲಯದ ಸೋಫಾ, ಜಿಮ್ಮಿನಲ್ಲಿ ಓಡುವ ಹುಡುಗಿ, ಹಿಮದ ಬೆಟ್ಟಕ್ಕೆ ಹೊರಟ ಬಸ್ಸು. ಈ ಕೋಣೆಯಲ್ಲಿ ನೀವು ಹಾಕುವ ಪ್ರತಿ ಡಾಲರೂ ನಿಮ್ಮ ಬಿಡುವಿನ ಸುಖಕ್ಕೇ ಮರಳುತ್ತದೆ ಎಂದು ಅದರ ಕೆಳಗೆ ಬರೆದಿತ್ತು. ಸೋತು ಹೊರಡುವ ಸೈನಿಕರು ಅದನ್ನು ನೋಡಿ ಏನಾದರೂ ಹೇಳಿಯೇ ಹೋಗುತ್ತಿದ್ದರು. “ಇವತ್ತು ಈಜುಕೊಳಕ್ಕೆ ಎರಡು ಬಕೆಟ್ ನೀರು ಹಾಕ್ದೆ” ಎನ್ನುವುದು ಆ ಕ್ಯಾಂಪಿನ ಹಳೆಯ ನಗೆಮಾತು.

ಬುನ್-ಇಮ್ ಎರಡನೇ ಗೇಟಿನ ಹತ್ತಿರ ಲಾಂಡ್ರಿ ಅಂಗಡಿಯ ಮಹಡಿಯಲ್ಲಿ ಒಂದು ಕೋಣೆ ಮಾಡಿಕೊಂಡಿದ್ದರು. ಗಂಡ ಊರಿನ ಬಸ್ಸು ಓಡಿಸುತ್ತಿದ್ದವನು ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಗೇಟಿನಾಚೆಯ ನಮ್ಮೂರು ಹಾಬೋಂಗ್‌ನಿಯಲ್ಲಿ ಕ್ಯಾಂಪಿನೊಳಗೆ ಕೆಲಸ ಮಾಡುವ ಹೆಂಗಸಿನ ಬಗ್ಗೆ ಹಳಬರಿಗೆ ಒಂದು ಕೀಳು ಅಭಿಪ್ರಾಯ ಇದ್ದೇ ಇದೆ. ಬುನ್-ಇಮ್‌ಗೆ ಐವತ್ತೊಂಬತ್ತು ವರ್ಷವಾದರೂ ಅದು ಹೋಗಿರಲಿಲ್ಲ. ಮಾರ್ಕೆಟ್ಟಿನಲ್ಲಿ ಮೂಲಂಗಿ ಮಾರುವವಳು ಬುನ್-ಇಮ್‌ಗೆ ಚಿಲ್ಲರೆ ಕೊಡುತ್ತಿದ್ದಳು, ಮಾತು ಕೊಡುತ್ತಿರಲಿಲ್ಲ. ಕ್ಯಾಂಪಿನೊಳಗೆ ಅವರು ಹೊರಗಿನವರು, ಊರಲ್ಲಿ ಕ್ಯಾಂಪಿನ ಒಳಗಿನವರು. ಅರವತ್ತಕ್ಕೆ ನಿವೃತ್ತಿ. ಅದಕ್ಕೆ ಒಂಬತ್ತು ತಿಂಗಳಿರುವಾಗ, ಆ ವರ್ಷದ ಮಾರ್ಚಿನಲ್ಲಿ, ವೆಸ್ಲಿ ಮೋಕ್ ಬಾಗಿಲಿಗೆ ಬಂದ.

ಇಪ್ಪತ್ತಮೂರರ ಹುಡುಗ. ಲಾರಿ ರಿಪೇರಿ ವಿಭಾಗದ ಸೈನಿಕ. ಸಮವಸ್ತ್ರ ತೆಗೆದಿಟ್ಟು ಮಾಮೂಲಿ ಅಂಗಿಯಲ್ಲಿ ಬಂದಿದ್ದ. ಮುಖ ನೋಡಿದರೆ ನಮ್ಮೂರ ಹುಡುಗನೇ. ಬುನ್-ಇಮ್ ಕೈ ಅಡ್ಡ ಹಿಡಿದರು. ಅವನು ಕಾರ್ಡು ತೋರಿಸಿದ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿ ಒಳಗೆ ಬಿಟ್ಟರು. ಮಾರನೇ ದಿನವೂ ಹಾಗೇ ಆಯಿತು. ಮೂರನೇ ದಿನ ಅವನು ನಿಂತುಕೊಂಡ.

“ಚಿಕ್ಕಮ್ಮಾ, ನಿನ್ನೆಗೂ ಇವತ್ತಿಗೂ ನನ್ನ ಮುಖ ಬದಲಾಯ್ತಾ?” ಎಂದು ಕೊರಿಯನ್ನಿನಲ್ಲೇ ಕೇಳಿದ.

“ಮುಖ ಅದೇ. ಅದಕ್ಕೇ ಕೇಳ್ತಿರೋದು.”

ಅಷ್ಟರಲ್ಲಿ ಹಳದಿ ಕೂದಲಿನವನೊಬ್ಬ ಇಬ್ಬರನ್ನೂ ದಾಟಿ ಒಳಗೆ ಹೋದ. ಬುನ್-ಇಮ್ ತಲೆಯಾಡಿಸಿ ಬಿಟ್ಟರು.

“ಅವನನ್ನ ನೀನು ಕೇಳ್ಲೇ ಇಲ್ಲ!”

“ಅವನ ಮುಖಾನೇ ಕಾರ್ಡು.”

ವೆಸ್ಲಿ ಜೋರಾಗಿ ನಕ್ಕ. ಅವನು ಅಮೆರಿಕದಲ್ಲೇ ಹುಟ್ಟಿದವನು, ಟಕೋಮಾ ಎಂಬ ಊರಲ್ಲಿ. ಸಾಕಿದವಳು ಅಜ್ಜಿ. ಕೊರಿಯನ್ ಕಲಿತದ್ದು ಅವಳೊಬ್ಬಳ ಬಾಯಿಂದ, ಅದೂ ಏಳೆಂಟು ವರ್ಷದ ತನಕ. ಹಾಗಾಗಿ ಅವನಿಗೆ ಮಗು ಅಜ್ಜಿಯ ಹತ್ತಿರ ಆಡುವ ಮಾತು ಮಾತ್ರ ಬರುತ್ತಿತ್ತು. ಹಿರಿಯರಿಗೆ ಬಹುವಚನ ಹಾಕಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

“ನೀನು ನೀನು ಅಂತೀಯಲ್ಲ, ನಾನೇನು ನಿನ್ನ ಜೊತೆ ಗೋಲಿ ಆಡ್ದೋಳಾ?” ಎಂದು ಬುನ್-ಇಮ್ ಗದರಿದರು. ಆಮೇಲೆ ಯಾವತ್ತೂ ತಿದ್ದಲಿಲ್ಲ. ಗಂಡ ಸತ್ತ ಮೇಲೆ ಅವರನ್ನು ಏಕವಚನದಲ್ಲಿ ಕರೆದವರು ಬೇರೆ ಯಾರೂ ಇರಲಿಲ್ಲ.

ಕೋಣೆಯಲ್ಲಿ ಇಪ್ಪತ್ತೆರಡು ಯಂತ್ರ. ವೆಸ್ಲಿ ಆಡುತ್ತಿದ್ದದ್ದು ಒಂದರಲ್ಲೇ: ಮೂಲೆಯ ಕಂಬದ ಹಿಂದಿನ ಹತ್ತೊಂಬತ್ತು. ತೆರೆಯ ಮೇಲೆ ಕೆಂಪು ಮೀನು ಈಜುವ ಯಂತ್ರ. ಆಡುವವರಲ್ಲಿ ಇದು ಮಾಮೂಲು. ಒಬ್ಬೊಬ್ಬರಿಗೆ ಒಂದೊಂದರ ಮೇಲೆ ನಂಬಿಕೆ. ಬೇರೆಯದು ಖಾಲಿ ಇದ್ದರೂ ಕೂರುವುದಿಲ್ಲ. “ಮಿಕ್ಕವು ನನ್ನ ಗುರುತು ಹಿಡಿಯಲ್ಲ ಚಿಕ್ಕಮ್ಮಾ” ಎನ್ನುತ್ತಿದ್ದ. ಸಂಜೆ ಐದೂವರೆಗೆ ಬಂದರೆ ಏಳಕ್ಕೆ ಏಳುತ್ತಿದ್ದ. ಸೇನೆಯ ಬೆಳಗಿನ ಓಟಕ್ಕೆ ಐದಕ್ಕೇ ಎದ್ದು ಹೋಗಬೇಕಾಗಿದ್ದರಿಂದ ಅದಕ್ಕಿಂತ ಹೆಚ್ಚು ಕೂರುವಂತಿರಲಿಲ್ಲ. ಹೋಗುವ ಮುಂಚೆ ಸ್ಟೂಲಿನ ಪಕ್ಕ ನಿಂತು ಹತ್ತು ನಿಮಿಷ ಮಾತು. ಅಜ್ಜಿ ಮಾಡುವ ಸೊಪ್ಪಿನ ಸಾರು, ಲಾರಿಯಡಿ ಸಿಕ್ಕಿಕೊಂಡ ಬೆರಳು, ಊರಿನ ಬಸ್ಸಿನಲ್ಲಿ ಡ್ರೈವರ್ ತನ್ನನ್ನು ಬೈದದ್ದು. ಬುನ್-ಇಮ್ ದಿನವಿಡೀ ಆಡಿದ ಮಾತೆಲ್ಲ ಸೇರಿದರೂ ಆ ಹತ್ತು ನಿಮಿಷದಷ್ಟು ಆಗುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಅಜ್ಜಿಗೆ ಎಂಬತ್ತು ತುಂಬುತ್ತದೆ, ಎಂಬತ್ತರ ಊಟಕ್ಕೆ ರಜೆ ಹಾಕಿ ಹೋಗುತ್ತೇನೆ, ವಿಮಾನದ ಟಿಕೆಟಿಗೆ ಕೂಡಿಡುತ್ತಿದ್ದೇನೆ ಎಂದು ಅವನು ಏಪ್ರಿಲಿನಲ್ಲಿ ಹೇಳಿದ್ದ. ಜೂನಿನ ಒಂದು ಸಂಜೆ ಹತ್ತೊಂಬತ್ತರ ಮುಂದಿನಿಂದ ಎದ್ದು ಬಂದವನು ಫಲಕದ ಕಡೆ ಬೆರಳು ಮಾಡಿದ.

“ಜಿಮ್ಮಿನಲ್ಲಿ ಆ ಹುಡುಗಿ ಓಡ್ತಿದಾಳಲ್ಲ, ಆ ಯಂತ್ರ ನಂದು. ಇವತ್ತು ಕೊಂಡ್ಕೊಂಡೆ.”

“ಏನು ಹಂಗಂದ್ರೆ?”

“ಟಿಕೆಟ್ ದುಡ್ಡು ಮೀನಿನ ಹೊಟ್ಟೆಗೆ ಹೋಯ್ತು. ಪೂರ್ತಿ.” ನಗುತ್ತಲೇ ಇದ್ದ. “ಪರ್ವಾಗಿಲ್ಲ. ಅದು ಇಸ್ಕೊಂಡಿದೆ, ಅದೇ ವಾಪಸ್ ಕೊಡುತ್ತೆ. ನನಗದರ ಸ್ವಭಾವ ಗೊತ್ತು.”

ಬುನ್-ಇಮ್‌ಗೂ ಅದರ ಸ್ವಭಾವ ಗೊತ್ತಿತ್ತು. ಇಪ್ಪತ್ತೇಳು ವರ್ಷ ನೋಡಿದ್ದರು. ಹೇಳುವಂತಿರಲಿಲ್ಲ. “ಅದೃಷ್ಟ ನಿಮ್ಮದಾಗಲಿ” ಎಂಬ ಮಾತು ಬಾಯಿಗೆ ಬಂತು, ಅದನ್ನೂ ಹೇಳಲಿಲ್ಲ.

ಮಾರನೇ ದಿನ ಸಂಜೆ ಐದೂ ಕಾಲಿಗೆ ಅವರು ಹತ್ತೊಂಬತ್ತರ ಪಕ್ಕೆಯ ಕೀಲಿ ತಿರುಗಿಸಿದರು. ಮೀನು ಆರಿಹೋಯಿತು. ‘ದುರಸ್ತಿಯಲ್ಲಿದೆ’ ಎಂಬ ಹಳದಿ ಚೀಟಿಯನ್ನು ತೆರೆಯ ಮೇಲೆ ತೂಗುಹಾಕಿ, ದಾಖಲೆ ಪುಸ್ತಕದಲ್ಲಿ ವೇಳೆ ಬರೆದು, ಕಾರಣದ ಜಾಗದಲ್ಲಿ ‘ಗುಂಡಿ ಅಂಟಿಕೊಳ್ಳುತ್ತಿದೆ’ ಎಂದು ಬರೆದರು. ಇಪ್ಪತ್ತೇಳು ವರ್ಷದಲ್ಲಿ ಆ ಪುಸ್ತಕದಲ್ಲಿ ಅವರು ಬರೆದ ಮೊದಲ ಸುಳ್ಳು ಅದು.

ಐದೂವರೆಗೆ ವೆಸ್ಲಿ ಬಂದ. ಚೀಟಿ ನೋಡಿದ.

“ಎಷ್ಟೊತ್ತಾಗುತ್ತೆ?”

“ಮೇಸ್ತ್ರಿ ಬರ್ಬೇಕು. ಬೇರೆ ಕ್ಯಾಂಪಲ್ಲಿದಾನೆ.”

“ನಾನೇ ಬಿಚ್ಚಿ ನೋಡ್ಲಾ? ದಿನಾ ಲಾರಿ ಬಿಚ್ತೀನಿ.”

“ಮುಟ್ಟಿದ್ರೆ ನನ್ನ ಕೆಲ್ಸ ಹೋಗುತ್ತೆ. ಕೂತ್ಕೋ. ಊಟ ಮಾಡಿದ್ಯಾ?”

ಅವನು ಗೋಡೆಗೊರಗಿ ನೆಲದ ಮೇಲೆ ಕೂತ. ಬುನ್-ಇಮ್ ತಮ್ಮ ಡಬ್ಬಿ ತೆಗೆದರು. ಕಡಲಪಾಚಿಯ ಹಾಳೆಯಲ್ಲಿ ಸುತ್ತಿದ ಅನ್ನ, ಒಳಗೆ ಹಳದಿ ಮೂಲಂಗಿ ಉಪ್ಪಿನಕಾಯಿ ಮತ್ತು ಮೊಟ್ಟೆ. ಹತ್ತು ತುಂಡು ಇದ್ದವು. ಅವನು ಏಳು ತಿಂದ. ಏಳು ಗಂಟೆಗೆ ಎದ್ದು, ಪ್ಯಾಂಟು ಕೊಡವಿಕೊಂಡು ಹೋದ. ಅವನು ಮೆಟ್ಟಿಲಿಳಿದ ಮೇಲೆ ಬುನ್-ಇಮ್ ಚೀಟಿ ತೆಗೆದು ಕೀಲಿ ತಿರುಗಿಸಿದರು.

ಮಾರನೇ ದಿನವೂ ಹಾಗೇ. ಅದರ ಮಾರನೇ ದಿನವೂ. ಕೋಣೆ ಸೋಮವಾರ ಮಾತ್ರ ಮುಚ್ಚುತ್ತಿತ್ತು. ಮಿಕ್ಕ ಆರು ದಿನವೂ ಬುನ್-ಇಮ್ ಇರುತ್ತಿದ್ದರು. ಎರಡನೇ ವಾರದಲ್ಲಿ ಅವರು ಮಾರ್ಕೆಟ್ಟಿನಿಂದ ಇನ್ನೊಂದು ಸ್ಟೀಲ್ ಡಬ್ಬಿ ಕೊಂಡರು. ಬೆಳಿಗ್ಗೆ ಎದ್ದು ಇಬ್ಬರಿಗಾಗುವಷ್ಟು ಅನ್ನ ಇಡುವುದು ಹನ್ನೊಂದು ವರ್ಷದಲ್ಲಿ ಮರೆತುಹೋಗಿತ್ತು. ಮೊದಲೆರಡು ದಿನ ನೀರು ಹೆಚ್ಚಾಯಿತು. ವೆಸ್ಲಿ ಯಂತ್ರವನ್ನು ವಿಚಾರಿಸುತ್ತಿದ್ದದ್ದು ರೋಗಿಯನ್ನು ವಿಚಾರಿಸಿದ ಹಾಗೆ.

“ಹೆಂಗಿದೆ ಇವತ್ತು?”

“ಹಂಗೇ ಇದೆ.”

“ಉಳಿಯುತ್ತಾ?”

“ನಿನ್ನಂಥೋರು ಬಡಿದೂ ಬಡಿದೂ ಹಿಂಗಾಗಿರೋದು. ತಿನ್ನು.”

ತಿಂದು, ಮಾತಾಡಿ, ಏಳಕ್ಕೆ ಹೋಗುತ್ತಿದ್ದ. ಸಂಬಳದ ದಿನ ಬಂತು, ಹೋಯಿತು. ಅವನ ದುಡ್ಡು ಅವನ ಹತ್ತಿರವೇ ಉಳಿಯಿತು. ಅರ್ಧ ಟಿಕೆಟ್ ಆಯಿತು ಎಂದು ಅವನೇ ಒಂದು ದಿನ ಹೇಳಿದ, ಅದು ಹೇಗೆ ಆಯಿತೆಂದು ಯೋಚಿಸಿದವನಂತೆ ಕಾಣಲಿಲ್ಲ.

ಒಂದು ಗುರುವಾರ ಅವನು ಬರಲಿಲ್ಲ. ರಾತ್ರಿ ಪಾಳಿ ಬಿದ್ದಿತ್ತೆಂದು ಆಮೇಲೆ ತಿಳಿಯಿತು. ಆ ಸಂಜೆ ಬುನ್-ಇಮ್ ಚೀಟಿಯನ್ನು ಏಳಕ್ಕೆ ತೆಗೆಯಲಿಲ್ಲ, ಏಳೂವರೆಗೂ ತೆಗೆಯಲಿಲ್ಲ. ಎರಡು ಡಬ್ಬಿಯೂ ಮುಚ್ಚಿದಂತೆಯೇ ಇದ್ದವು. ಒಬ್ಬ ಹವಾಲ್ದಾರ್ ಬಂದು ಈ ಮೀನಿನದು ಯಾವಾಗ ಸರಿಹೋಗುತ್ತದೆ ಎಂದು ಕೇಳಿದಾಗ ಅವರು ಬಾಗಿಲ ಕಡೆ ನೋಡಿದರು. ಚೀಟಿ ಹಾಕಿದ್ದು ಹುಡುಗನ ಟಿಕೆಟಿಗೆ. ಅದು ಯಾವಾಗ ತಮ್ಮ ಸಂಜೆಗಾಗಿ ತೂಗತೊಡಗಿತೋ ಅವರು ಗಮನಿಸಿರಲಿಲ್ಲ. ಎಷ್ಟೋ ದಿನದ ಮೇಲೆ ಇದನ್ನು ನನಗೆ ಹೇಳುವಾಗ ಅವರು ಬಾರ್ಲಿ ಟೀಯ ಲೋಟವನ್ನು ಮೇಜಿನ ಮೇಲೆ ಎರಡು ಸಲ ತಿರುಗಿಸಿದರು.

ಯಂತ್ರಗಳ ಮೇಸ್ತ್ರಿ ನಮ್‌ಗುಂಗ್ ಐದು ಕ್ಯಾಂಪು ಸುತ್ತುವವನು. ಬುನ್-ಇಮ್‌ಗಿಂತ ನಾಲ್ಕು ವರ್ಷ ಚಿಕ್ಕವನು, ಇಪ್ಪತ್ತು ವರ್ಷದ ಪರಿಚಯ. ಜುಲೈ ಮಧ್ಯದ ಒಂದು ಬೆಳಿಗ್ಗೆ, ಕೋಣೆ ತೆರೆಯುವ ಮುಂಚೆ, ಹತ್ತೊಂಬತ್ತರ ಹೊಟ್ಟೆ ಬಿಚ್ಚಿ ನೋಡಿ ಮತ್ತೆ ಮುಚ್ಚಿದ. ದಾಖಲೆ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತ.

“ಅಕ್ಕಾ, ಇದಕ್ಕೆ ದಿನಾ ಐದೂ ಕಾಲಿಗೇ ಜ್ವರ ಬರುತ್ತಾ?”

“ಬರುತ್ತೆ.”

“ಏಳಕ್ಕೆ ಇಳಿಯುತ್ತಾ?”

“ಇಳಿಯುತ್ತೆ.”

“ಸೋಮವಾರ?”

“ಸೋಮವಾರ ಬಾಗಿಲೇ ತೆಗೆಯಲ್ಲ.”

“ಓ. ಅವತ್ತು ಅದಕ್ಕೂ ರಜೆ.” ಪುಸ್ತಕ ಮುಚ್ಚಿದ. “ಇದು ಎತ್ತಿನ ಹಂಗಿದೆ ಅಕ್ಕಾ. ಹುಷಾರಿಲ್ದೇ ಇರೋರು ಬೇರೆ ಯಾರೋ. ಯಾರು?”

ಬುನ್-ಇಮ್ ಹೇಳಿದರು. ನಮ್‌ಗುಂಗ್ ತುಂಬ ಹೊತ್ತು ಸ್ಕ್ರೂಗಳನ್ನು ಒರೆಸಿದ.

“ನಿಮಗೆ ಇನ್ನು ಐದು ತಿಂಗಳು ಉಳಿದಿದೆ. ಇದು ಗೊತ್ತಾದ್ರೆ ಕಳ್ಳತನ ಮಾಡಿದ ಹಂಗೇ ಲೆಕ್ಕ. ಅವನೇನು ನಿಮ್ಮ ಹೊಟ್ಟೇಲಿ ಹುಟ್ಟಿದೋನಾ?”

“ಅಲ್ಲ.”

“ಒಂದ್ಮಾತು ಹೇಳ್ಬಿಡಿ ಅವನಿಗೆ. ಆಡ್ಬೇಡ ಅಂತ.”

“ಹೇಳಿದ್ರೆ ಕೇಳ್ತಾನೆ ಅನ್ಕೋ. ಆಮೇಲೆ ಇಲ್ಲಿಗ್ಯಾಕೆ ಬರ್ತಾನೆ?”

ನಮ್‌ಗುಂಗ್ ಪುಸ್ತಕ ಮತ್ತೆ ತೆರೆದ. ‘ದೋಷ ಕಂಡುಬಂದಿಲ್ಲ’ ಎಂದು ಬರೆಯುವುದು ಅವನ ಕರ್ತವ್ಯ, ಬರೆದ. ಎರಡು ವಾರ ಬಿಟ್ಟು ಬಂದಾಗಲೂ ಅದನ್ನೇ ಬರೆದ.

ಯಾವುದೇ ಯಂತ್ರ ತಿಂಗಳಿಗೆ ಇಷ್ಟು ಗಂಟೆಗಿಂತ ಹೆಚ್ಚು ನಿಂತರೆ ಅದರ ಹೆಸರು ಮೇಲಿನ ಕಚೇರಿಯ ಪಟ್ಟಿಗೆ ತಾನಾಗಿಯೇ ಹೋಗುತ್ತದೆ. ಬುನ್-ಇಮ್‌ಗೆ ಇದು ಗೊತ್ತಿತ್ತು. ಆದರೆ ಕೋಣೆಗೆ ಬಂದಾಗಿನಿಂದ ಅವರು ಕಂಡದ್ದು ನಿಜವಾಗಿ ಕೆಟ್ಟ ಯಂತ್ರಗಳನ್ನು. ದಿನಕ್ಕೆ ಎರಡು ಗಂಟೆಯಷ್ಟು ಕೆಡುವ ಯಂತ್ರ ಆ ಮಿತಿ ದಾಟಲು ಎಷ್ಟು ದಿನ ಬೇಕೆಂದು ಅವರು ಲೆಕ್ಕ ಹಾಕಿರಲಿಲ್ಲ. ಆಗಸ್ಟಿನ ಮೊದಲ ವಾರ ಬೆಳಿಗ್ಗೆ ಹತ್ತಕ್ಕೆ ಕ್ಲಬ್ಬಿನ ಮೇಲ್ವಿಚಾರಕಿ ಮಿಸೆಸ್ ಹಾಲ್ವರ್ಸನ್ ಅವರನ್ನು ಕರೆಸಿದರು. ನಮ್‌ಗುಂಗ್ ಆಗಲೇ ಅಲ್ಲಿ ನಿಂತಿದ್ದ.

“ಮೇಸ್ತ್ರಿ ದೋಷ ಇಲ್ಲ ಅಂತಾರೆ. ನಿಮ್ಮ ಪುಸ್ತಕ ದಿನಾ ಕೆಡುತ್ತೆ ಅನ್ನುತ್ತೆ” ಎಂದರು ಹಾಲ್ವರ್ಸನ್. ಕೆಟ್ಟ ಹೆಂಗಸಲ್ಲ, ಲೆಕ್ಕದ ಹೆಂಗಸು. “ಒಂದು ಯಂತ್ರ ಹಿಂಗೆ ನಿಂತ್ರೆ ಮಕ್ಕಳ ಈಜುಕೊಳದ ನೀರು ಬಿಸಿ ಮಾಡೋದಕ್ಕೆ ನಾನೆಲ್ಲಿಂದ ತರ್ಲಿ? ಪ್ಯೋ, ಅದರ ಜೊತೆ ಇರೋರು ನೀವು. ನೀವೇ ಹೇಳಿ. ಸರಿ ಇದೆ ಅಂದ್ರೆ ಇವತ್ತೇ ಕೀಲಿಗೆ ಮುದ್ರೆ ಹಾಕಿಸ್ತೀನಿ, ಮೇಸ್ತ್ರಿ ಬಿಟ್ಟು ಬೇರೆ ಯಾರೂ ನಿಲ್ಲಿಸೋ ಹಾಗಿಲ್ಲ. ಸರಿ ಇಲ್ಲ ಅಂದ್ರೆ ತೆಗೆಸಿ ಡಿಪೋಗೆ ಕಳಿಸ್ತೀನಿ.”

ಮೇಜಿನ ಮೇಲೆ ಒಂದು ಕಾಗದ. ಎರಡು ಚೌಕ, ಒಂದರಲ್ಲಿ ಗುರುತು ಹಾಕಿ ಸಹಿ ಮಾಡಬೇಕು.

ಮುದ್ರೆ ಬಿದ್ದರೆ ವೆಸ್ಲಿ ಇವತ್ತು ಸಂಜೆ ಬರುತ್ತಾನೆ, ನಾಳೆಯೂ ಬರುತ್ತಾನೆ, ಅವರ ನಿವೃತ್ತಿಯವರೆಗೂ ಬರುತ್ತಾನೆ. ಮುಕ್ಕಾಲು ಆಗಿರುವ ಟಿಕೆಟ್ ಒಂದು ವಾರದಲ್ಲಿ ಮೀನಿನ ಹೊಟ್ಟೆ ಸೇರುತ್ತದೆ. ಯಂತ್ರ ಹೋದರೆ ದುಡ್ಡು ಉಳಿಯುತ್ತದೆ, ಹುಡುಗ ಹೋಗುತ್ತಾನೆ. ನಮ್‌ಗುಂಗ್ ಕಿಟಕಿಯ ಹೊರಗೆ ನೋಡುತ್ತಿದ್ದ. ಬುನ್-ಇಮ್ ಪೆನ್ನು ಕೇಳಿ ಇಸಿದುಕೊಂಡು ‘ತೆಗೆಯಬೇಕು’ ಎಂಬ ಚೌಕದಲ್ಲಿ ಗುರುತು ಹಾಕಿದರು.

ಮಧ್ಯಾಹ್ನ ಇಬ್ಬರು ಬಂದು ಯಂತ್ರವನ್ನು ಗಾಡಿಯ ಮೇಲೆ ತಳ್ಳಿಕೊಂಡು ಹೋದರು. ಕಾರ್ಪೆಟ್ಟಿನ ಮೇಲೆ ಬಣ್ಣ ಮಾಸದ ಒಂದು ಚೌಕ ಉಳಿಯಿತು.

ಐದೂವರೆಗೆ ವೆಸ್ಲಿ ಆ ಚೌಕದ ಮುಂದೆ ನಿಂತ.

“ಎಲ್ಲಿ?”

“ತಗೊಂಡು ಹೋದ್ರು.”

“ವಾಪಸ್ ಬರುತ್ತಾ?”

“ಗೊತ್ತಿಲ್ಲ.”

ಅವನು ಇಪ್ಪತ್ತನೆಯದರ ಮುಂದೆ ಹೋಗಿ ಕೂತ. ಜೇಬಿನಿಂದ ನೋಟು ತೆಗೆದು ಯಂತ್ರದ ಬಾಯಿಯ ಹತ್ತಿರ ಹಿಡಿದ. ಬುನ್-ಇಮ್ ಸ್ಟೂಲಿನ ಅಂಚು ಹಿಡಿದುಕೊಂಡು ಕೂತರು. ಇಪ್ಪತ್ತರ ತೆರೆಯಲ್ಲಿ ಚೆರ್ರಿ ಹಣ್ಣುಗಳು ಕುಣಿಯುತ್ತಿದ್ದವು. ಅವನು ನೋಟನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಎದ್ದ.

“ಇದು ನನ್ನದಲ್ಲ. ಹೋಗ್ಲಿ, ಜಿಮ್ಮಿಗಾದ್ರೂ ಹೋಗ್ತೀನಿ. ಹೆಂಗೂ ಅರ್ಧ ನಾನೇ ಕೊಂಡಿರೋದು.”

“ಊಟ ಇದೆ” ಎಂದರು ಬುನ್-ಇಮ್.

“ಈಗ ತಿಂದ್ರೆ ಓಡೋಕಾಗಲ್ಲ ಚಿಕ್ಕಮ್ಮಾ. ನಾಳೆ.”

ನಾಳೆ ಅವನು ಬರಲಿಲ್ಲ. ಅದರ ಮಾರನೇ ದಿನವೂ ಬರಲಿಲ್ಲ. ಬುನ್-ಇಮ್ ಒಂದು ವಾರ ಎರಡು ಡಬ್ಬಿ ತಂದರು. ನಮ್‌ಗುಂಗ್ ಒಂದು ದಿನ ಬಂದವನು ಎರಡನೆಯದನ್ನು ತಿಂದು, “ಉಪ್ಪು ಕಮ್ಮಿ ಅಕ್ಕಾ” ಎಂದ. ಆಮೇಲೆ ಒಂದೇ ತಂದರು. ಜಿಮ್ಮು ರಸ್ತೆಯ ಆಚೆ ಬದಿಗೇ ಇತ್ತು, ಗಾಜಿನ ಕಟ್ಟಡ. ಸಿಬ್ಬಂದಿಯ ಪಾಸಿಗೆ ಅದರ ಬಾಗಿಲು ತೆರೆಯುವುದಿಲ್ಲ. ಪಾಳಿ ಮುಗಿಸಿ ಗೇಟಿನತ್ತ ನಡೆಯುವಾಗ ಒಳಗೆ ಸಾಲಾಗಿ ಓಡುವವರು ಕಾಣುತ್ತಿದ್ದರು. ಬೆನ್ನು ರಸ್ತೆಯ ಕಡೆಗಿರುತ್ತಿದ್ದರಿಂದ ಯಾರು ಯಾರೆಂದು ತಿಳಿಯುತ್ತಿರಲಿಲ್ಲ.

ಸೆಪ್ಟೆಂಬರಿನ ಎರಡನೇ ವಾರ ಡಿಪೋದಿಂದ ಗಾಡಿ ಬಂತು. ಯಂತ್ರವನ್ನು ಪೂರ್ತಿ ಬಿಚ್ಚಿ ಪರೀಕ್ಷಿಸಲಾಗಿದೆ, ದೋಷವೇನೂ ಇಲ್ಲ ಎಂಬ ಕಾಗದ ಅಂಟಿಸಿ ಹತ್ತೊಂಬತ್ತನ್ನು ವಾಪಸ್ ಕಳಿಸಿದ್ದರು. ಕಂಬದ ಹಿಂದಿನ ಅದೇ ಚೌಕದ ಮೇಲೆ ಅದನ್ನು ನಿಲ್ಲಿಸಿದರು. ಕೀಲಿಗೆ ಈ ಸಲ ಸೀಸದ ಮುದ್ರೆ ಬಿದ್ದಿತ್ತು. ಮೀನು ಮತ್ತೆ ಈಜತೊಡಗಿತು.

ಆ ಶುಕ್ರವಾರ ಸಂಬಳದ ದಿನ. ಸಂಜೆ ಬುನ್-ಇಮ್ ತಲೆಯೆತ್ತಿದಾಗ ವೆಸ್ಲಿ ಬಾಗಿಲಲ್ಲಿದ್ದ. ತೆಳ್ಳಗಾಗಿದ್ದ, ಕೂದಲು ಒದ್ದೆ. ಒಳಗೆ ಕಾಲಿಡಲಿಲ್ಲ, ಬಾಗಿಲ ಚೌಕಟ್ಟಿಗೆ ಎರಡೂ ಕೈ ಕೊಟ್ಟು ಬಗ್ಗಿದ.

“ಚಿಕ್ಕಮ್ಮಾ! ಬೈಬೇಡ, ಬರಕ್ಕಾಗ್ಲಿಲ್ಲ.”

“ಯಾರು ಬೈತಾರೆ. ಅಜ್ಜಿ ಹೆಂಗಿದಾರೆ?”

“ದಿನಾ ಫೋನು. ಬಟ್ಟೆ ಹೊಲಿಸ್ಕೊಂಡಿದಾಳಂತೆ. ಟಿಕೆಟ್ ದುಡ್ಡು ಇವತ್ತಿಗೆ ಪೂರ್ತಿ ಆಯ್ತು. ನಾಳೆ ಕೊಂಡ್ಕೋತೀನಿ.” ಜೇಬು ತಟ್ಟಿದ. ಆಮೇಲೆ ದನಿ ತಗ್ಗಿಸಿ, ತುಂಟ ಹುಡುಗನ ಹಾಗೆ ಕೇಳಿದ: “ಹತ್ತೊಂಬತ್ತು ಬಂತಾ? ಒಂದರ್ಧ ಗಂಟೆ ಅಷ್ಟೆ. ಹಳೇದು ಕೊಟ್ಬಿಟ್ರೆ ಅಜ್ಜಿಗೆ ಉಂಗುರ ತಗೋತೀನಿ.”

ಬಾಗಿಲಿನಿಂದ ಕಂಬದ ಹಿಂದಿನದು ಕಾಣುವುದಿಲ್ಲ. ಒಳಗೆ ಬಂದು ನಾಲ್ಕು ಹೆಜ್ಜೆ ಹಾಕಿದರೆ ಕಾಣುತ್ತದೆ. ಡಬ್ಬಿಯಲ್ಲಿ ಹತ್ತು ತುಂಡು ಇದ್ದವು, ಒಂದನ್ನೂ ಮುಟ್ಟಿರಲಿಲ್ಲ.

“ಇಲ್ಲ” ಎಂದರು ಬುನ್-ಇಮ್.

“ನಾಳೆ?”

“ಇಲ್ಲ ಮಗಾ. ಅದು ಬರಲ್ಲ. ಮುರಿದು ಹಾಕಿದಾರಂತೆ.”

“ಅಯ್ಯೋ ಪಾಪ” ಎಂದ ವೆಸ್ಲಿ. ನಿಜಕ್ಕೂ ಬೇಜಾರಾದವನಂತೆ ಒಂದು ಕ್ಷಣ ನಿಂತ. ಆಮೇಲೆ ನಕ್ಕ. “ಹಂಗಾದ್ರೆ ಇನ್ನು ನನಗೆ ಇಲ್ಲಿ ಏನು ಕೆಲ್ಸ, ಬಿಡು.”

ಕೈ ಬೀಸಿ ಮೆಟ್ಟಿಲಿಳಿದ. ಒಳಗೆ ಯಾರೋ ಬೂದಿಬಟ್ಟಲು ತುಂಬಿದೆ ಎಂದು ಕೂಗಿದರು. ಬುನ್-ಇಮ್ ಎದ್ದು ಹೋದರು.